ತಂಗೆವ್ವ ಉಸಿರಾಡಿದಾಗ

ಮಲಪ್ರಭೆಯ ದಂಡೆಯ ಮಠಕ್ಕೆ ಸೇರಿದ ಒಂದು ಆಸ್ಪತ್ರೆ. ಅಲ್ಲಿ ಹೊಟ್ಟೆಯೊಳಗಿನ ಗಡ್ಡೆಗಳ ಸ್ಕ್ಯಾನ್ ನೋಡಿ ಹೇಳುವವರು ಡಾಕ್ಟರ್ ರೇವಣಸಿದ್ದಪ್ಪ. ಅವರು ಹೇಳಿದ್ದೇ ಕೊನೆಯ ಮಾತು.

ಅವರು ನೋಡಿದ ರೋಗಿಯನ್ನು ಅವರ ಕೈಕೆಳಗೆ ಕಲಿಯುತ್ತಿದ್ದ ಶಿಷ್ಯ ವೈದ್ಯರು ಮತ್ತೆ ಸ್ಕ್ಯಾನ್ ಮಾಡುತ್ತಿರಲಿಲ್ಲ. ಹಾಗೆಂದು ಯಾರೂ ಕಟ್ಟಪ್ಪಣೆ ಮಾಡಿರಲಿಲ್ಲ. ಗುರುಭಕ್ತಿಗೆ ಅಪ್ಪಣೆ ಬೇರೆ ಬೇಕೆ? ಅದು ತಾನಾಗಿಯೇ ಕೈಕಟ್ಟಿ ನಿಲ್ಲುತ್ತದೆ.

ಆ ಪದ್ಧತಿ ಮುರಿದವಳು ನೀಲಾಂಬಿಕೆ. ಶಿಷ್ಯರಲ್ಲೆಲ್ಲ ಅವಳೇ ಮೆತ್ತಗಿನವಳು.

ರೋಗಿಯ ಹೆಸರು ತಂಗೆವ್ವ. ಒಂದು ಕಿಡ್ನಿಯನ್ನು ತಮ್ಮನಿಗೆ ಕೊಟ್ಟು ಅವನನ್ನು ಉಳಿಸಿಕೊಂಡ ಹೆಣ್ಣುಮಗಳು. ಈಗ ಉಳಿದ ಕಿಡ್ನಿಗೆ ಒತ್ತಿಕೊಂಡೇ ಒಂದು ಗಡ್ಡೆ ಬೆಳೆದಿತ್ತು.

ಗುರುಗಳು ಸಿ.ಟಿ. ಸ್ಕ್ಯಾನ್ ನೋಡಿ, "ಕಿಡ್ನಿಯಿಂದನ ಬೆಳದದ. ಗಡ್ಡೆ ಜೋಡಿ ಕಿಡ್ನೀನೂ ತಗೀಬೇಕು" ಎಂದಿದ್ದರು. ಮರುದಿನವೇ ಆಪರೇಷನ್.

ಮಧ್ಯಾಹ್ನ ತಂಗೆವ್ವ ನೀಲಾಂಬಿಕೆಯ ಕೈ ಹಿಡಿದು ಕೇಳಿದಳು, "ಇರೋದೊಂದನ್ನೂ ತಗದ್ರ ನಾ ಮುಂದ ಹ್ಯಾಂಗ್ರೀ ಅಕ್ಕಾರ?"

ನೀಲಾಂಬಿಕೆಗೆ ಸುಮ್ಮನೆ ನಿಲ್ಲಲಾಗಲಿಲ್ಲ. ತಂಗೆವ್ವನನ್ನು ಸೋನೋಗ್ರಫಿ ಕೋಣೆಗೆ ಕರೆದೊಯ್ದು, ಹೊಟ್ಟೆಗೆ ಜೆಲ್ ಹಚ್ಚಿ, "ಜೋರಾಗಿ ಉಸಿರು ತಗೋರಿ, ಬಿಡ್ರಿ" ಎಂದಳು. ಪರದೆ ನೋಡುತ್ತ ನೋಡುತ್ತ ತನ್ನ ಉಸಿರನ್ನೇ ಮರೆತಳು.

ಸಂಜೆ ಗುರುಗಳು ನದಿಯ ಮೆಟ್ಟಿಲ ಮೇಲೆ ಕಾಲು ತೊಳೆಯುತ್ತಿದ್ದರು.

"ಗುರುಗಳೇ, ತಂಗೆವ್ವನ ಗಡ್ಡೆ..."

"ಕಿಡ್ನಿದು. ಹೇಳೇನಲ್ಲ?"

"ಹೌದ್ರಿ."

"ಮತ್ಯಾಕ ನಿಂತಿ?"

"ಏನಿಲ್ರಿ" ಎಂದು ಅವಳು ಹಿಂತಿರುಗಿದಳು. ಮೆಟ್ಟಿಲು ಹತ್ತುವಷ್ಟರಲ್ಲಿ ತನ್ನ ಮೇಲೆಯೇ ಸಿಟ್ಟು ಬಂತು. ಮತ್ತೆ ಇಳಿದು ಬಂದಳು.

"ನೀವು ನೋಡಿದ ಮ್ಯಾಲೂ ನಾ ಮತ್ತ ಸ್ಕ್ಯಾನ್ ಮಾಡೇನ್ರಿ. ತಪ್ಪಾತು."

"ಮಾಡಿದ್ದು ತಪ್ಪಾತೋ, ಈಗ ವಾಪಸ್ ಹೊಂಟಿದ್ದು ತಪ್ಪಾತೋ?"

ಅವಳು ತಲೆ ತಗ್ಗಿಸಿದಳು.

"ಏನ್ ಕಂಡೀ, ಅದನ್ನ ಹೇಳು."

"ಉಸಿರು ತಗೊಂಡಾಗ ಕಿಡ್ನಿ ಕೆಳಗ ಜಾರತದ್ರಿ. ಗಡ್ಡೆ ಇದ್ದಲ್ಲೇ ಇರತದ. ಕಿಡ್ನಿದಾಗಿದ್ರ ಅದರ ಜೋಡಿ ಜಾರಬೇಕಿತ್ತು."

"ಸಿ.ಟಿ.ಯೊಳಗ ಎರಡೂ ಅಂಟಿಕೊಂಡಾವಲ್ಲ?"

"ಸಿ.ಟಿ. ಮಾಡೋವಾಗ ಉಸಿರು ಹಿಡಕೋರಿ ಅಂತೀವಿ. ಆಗ ಯಾವುದು ಜಾರತದ, ಯಾವುದು ನಿಲ್ಲತದ, ಹ್ಯಾಂಗ ಗೊತ್ತಾಗಬೇಕ್ರಿ?"

ಗುರುಗಳು ಕಾಲು ಒರೆಸಿಕೊಳ್ಳದೆ ಎದ್ದು, ಒದ್ದೆ ಕಾಲಲ್ಲೇ ಆಸ್ಪತ್ರೆಗೆ ನಡೆದರು. ತಂಗೆವ್ವನನ್ನು ಸೋನೋಗ್ರಫಿ ಕೋಣೆಗೆ ಕರೆಸಿ, ತಮ್ಮ ಕುರ್ಚಿಯನ್ನು ಅವಳತ್ತ ಸರಿಸಿ, ಶಿಷ್ಯರು ನಿಲ್ಲುವ ಜಾಗದಲ್ಲಿ ತಾವು ಹೋಗಿ ನಿಂತರು.

"ಜೆಲ್ ಹಚ್ಚು."

ತಂಗೆವ್ವ ಉಸಿರೆಳೆದಳು. ಕಿಡ್ನಿ ಜಾರಿತು. ಗಡ್ಡೆ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಇನ್ನೊಮ್ಮೆ" ಎಂದರು ಗುರುಗಳು. ಮತ್ತೂ ಒಮ್ಮೆ ಎಂದರು. ಆಮೇಲೆ ಫೋನ್ ಎತ್ತಿ ಸರ್ಜನ್ ಇನಾಮದಾರರಿಗೆ ಹೇಳಿದರು, "ನಾಳೆ ಆಪರೇಷನ್ ಬ್ಯಾಡ. ಮೊದಲ ಎಂ.ಆರ್.ಐ. ಆಗಲಿ. ನಾ ಹೇಳಿದ್ದು ತಪ್ಪಿರಬೇಕು."

ಎಂ.ಆರ್.ಐ.ನಲ್ಲಿ ಕಿಡ್ನಿಗೂ ಗಡ್ಡೆಗೂ ನಡುವೆ ಕೊಬ್ಬಿನದೊಂದು ತೆಳು ಗೆರೆ ಕಂಡಿತು. ಇನಾಮದಾರರು ಆ ಗೆರೆ ಹಿಡಿದೇ ಬಿಡಿಸಿ ಗಡ್ಡೆಯನ್ನಷ್ಟೇ ತೆಗೆದರು. ಕಿಡ್ನಿ ಉಳಿಯಿತು. ಹಾಸಿಗೆಗೆ ತೂಗುಹಾಕಿದ್ದ, ತುಂಬಿದ ಮೂತ್ರದ ಚೀಲವನ್ನು ತಂಗೆವ್ವ ತನ್ನನ್ನು ನೋಡಲು ಬಂದವರಿಗೆಲ್ಲ ಬಂಗಾರದ ಒಡವೆಯಂತೆ ತೋರಿಸಿದಳು.

ಇನಾಮದಾರರ ನಾಲಿಗೆ ಸ್ವಲ್ಪ ಸಡಿಲ. ಶಿಷ್ಯರೆಲ್ಲ ಸುತ್ತ ನಿಂತಿರುವಾಗಲೇ ನಕ್ಕು ಹೇಳಿಬಿಟ್ಟರು, "ಏನ್ರಿ ಡಾಕ್ಟ್ರ, ನಿಮ್ಮ ಶಿಷ್ಯೆ ನಿಮ್ಮನ್ನ ಸೋಲಿಸಿಬಿಟ್ಲಲ್ಲ!"

ನೀಲಾಂಬಿಕೆಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೆದರುತ್ತಲೇ ಗುರುಗಳ ಮುಖ ನೋಡಿದಳು. ಅದು ಹೆಮ್ಮೆಯಿಂದ ಅರಳಿತ್ತು. ಅಷ್ಟು ಸಂತೋಷವನ್ನು ಆ ಮುಖದಲ್ಲಿ ಅವಳು ಎಂದೂ ಕಂಡಿರಲಿಲ್ಲ.

ಗುರುಗಳು ಇನಾಮದಾರರ ಹೆಗಲ ಮೇಲೆ ಕೈಯಿಟ್ಟು ಕೇಳಿದರು, "ಯಾರ ಶಿಷ್ಯೆ ಅಂದ್ರಿ? ಇನ್ನೊಮ್ಮೆ ಹೇಳ್ರಿ, ಎಲ್ಲಾರೂ ಕೇಳಲಿ."