ಪಟ್ಟೆರಾಯ ಹೊಸ ಕಂಪ್ಯೂಟರ್ ಕೊಳ್ಳಲಿಲ್ಲ

ಕೆರೆಯಂಚಿನ ಕಾಡಿನಲ್ಲಿ ಪಟ್ಟೆರಾಯನೆಂಬ ಅಳಿಲು ಇದ್ದ. ಬೇಸಗೆಯಲ್ಲಿ ಗೇರುಬೀಜ ಆರಿಸಿ ಗುಂಡಿಗಳಲ್ಲಿ ಹೂಳುವುದು, ಹೂಳಿದ ಜಾಗವನ್ನು ಸಂಜೆಯೊಳಗೆ ಮರೆಯುವುದು, ಇವೆರಡರಲ್ಲೂ ಅವನನ್ನು ಮೀರಿಸುವವರಿರಲಿಲ್ಲ. ಅದಕ್ಕೇ ಮಕ್ಕಳೇ, ಅವನ ಪೊಟರೆಯಲ್ಲೊಂದು ಕಂಪ್ಯೂಟರ್ ಇತ್ತು. ಅರವತ್ತು ಗುಂಡಿಗಳ ಗುರುತೂ ಅದರಲ್ಲಿತ್ತು. ಮಳೆಗಾಲದಲ್ಲಿ ಅವನು, ಹೆಂಡತಿ ಸೇವಂತಿ, ಮೂರು ಮರಿಗಳು ಬದುಕಬೇಕಾದದ್ದು ಆ ಬೀಜಗಳಿಂದಲೇ.

ಕಂಪ್ಯೂಟರಿಗೆ ವಯಸ್ಸಾಗಿತ್ತು. ಬೆಳಿಗ್ಗೆ ಗುಂಡಿ ಒತ್ತಿದರೆ ಮಧ್ಯಾಹ್ನ ಕಣ್ಣು ಬಿಡುತ್ತಿತ್ತು.

ನವಿಲಿನ ಅಂಗಡಿಯಲ್ಲಿ ಹೊಸದಕ್ಕೆ ಇಪ್ಪತ್ತು ಗುಂಡಿ ಬೀಜವಂತೆ ಎಂದು ಸೇವಂತಿ ವಿಚಾರಿಸಿಕೊಂಡು ಬಂದಳು. ಕೇಳಿಯೇ ಪಟ್ಟೆರಾಯನಿಗೆ ಮೈ ಉರಿಯಿತು. ತಮ್ಮದು ದುಂದುಗಾರರ ಮನೆತನವಲ್ಲ ಎಂದು ಕೊಂಬೆಕೊಂಬೆಗೂ ಸಾರಿ, ಹಳೆಯದನ್ನೇ ಹೊತ್ತುಕೊಂಡು ರಿಪೇರಿ ಮಾಡುವ ಹೆಗ್ಗಣ ಡೊಳ್ಳಯ್ಯನ ಬಿಲಕ್ಕೆ ಹೋದ.

"ಮೆಮೊರಿ ಸಾಲದು ರಾಯರೇ. ಬರೀ ನಾಲ್ಕು ಗುಂಡಿ ಬೀಜ ಕೊಡಿ, ಕುದುರೆ ಥರ ಓಡುತ್ತೆ," ಎಂದ ಡೊಳ್ಳಯ್ಯ.

ರೇಡಿಯೊ ರಿಪೇರಿಗೆಂದು ಬಂದು ಕುಳಿತಿದ್ದ ಆಮೆ ತಲೆ ಹೊರಗೆ ಹಾಕಿತು. "ಕೊನೇವರೆಗೂ ಎಷ್ಟಾಗುತ್ತೆ ಅಂತ ಈಗಲೇ ಕೇಳಿಬಿಡಪ್ಪ."

ಪಟ್ಟೆರಾಯ ಆಮೆಯ ನಿಧಾನಬುದ್ಧಿಗೆ ಮರುಗಿ ಬೀಜ ತರಲು ಓಡಿದ.

ಹೊಸ ಮೆಮೊರಿ ಹಳೆಯ ಬೋರ್ಡಿನಲ್ಲಿ ಕೂರಲಿಲ್ಲ. ಬೋರ್ಡ್ ಬದಲಾಯಿತು. ಅದಕ್ಕೆ ಹಳೆಯ ಪ್ರೊಸೆಸರ್ ಒಗ್ಗಲಿಲ್ಲ, ಅದೂ ಬದಲಾಯಿತು. ಹೊಸ ಪ್ರೊಸೆಸರ್ ಬಿಸಿಯಾಯಿತೆಂದು ಫ್ಯಾನು, ಫ್ಯಾನಿಗೆ ಕರೆಂಟು ಸಾಲದೆಂದು ಪವರ್ ಸಪ್ಲೈ, ಕೊನೆಗೆ ಪರದೆ. ಪ್ರತಿಸಲವೂ ಡೊಳ್ಳಯ್ಯ ಇದೊಂದೇ ಬಾಕಿ ಎನ್ನುತ್ತಿದ್ದ. ಇಷ್ಟು ಹಾಕಿ ಈಗ ಬಿಟ್ಟರೆ ಹಾಕಿದ್ದೆಲ್ಲ ದಂಡ ಎಂದು ಪಟ್ಟೆರಾಯನೂ ತಲೆಯಾಡಿಸುತ್ತಿದ್ದ. ವಿಚಿತ್ರ ನೋಡಿ, ಅಷ್ಟು ಕೆಟ್ಟ ಕಂಪ್ಯೂಟರ್ ಮುಂದಿನ ಗುಂಡಿ ಎಲ್ಲಿದೆ ಎಂದು ತೋರಿಸುವಷ್ಟು ಹೊತ್ತು ಮಾತ್ರ ತಪ್ಪದೆ ಕೆಲಸ ಮಾಡುತ್ತಿತ್ತು. ಪಟ್ಟೆರಾಯ ಬೀಜ ಅಗೆದು ತಂದು ಕೊಟ್ಟು, ಆ ಗುಂಡಿಯ ಮುಂದೆ 'ಖಾಲಿ' ಎಂದು ಬರೆದು, ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮರೆಯುತ್ತಿದ್ದ.

ಮೊದಲ ಮಳೆ ಬಿದ್ದ ದಿನ ಕಂಪ್ಯೂಟರ್ ಮನೆಗೆ ಬಂತು. ಗುಂಡಿಗಳ ಪಟ್ಟಿ ಬಿಟ್ಟರೆ ಹಳೆಯದೆಂದು ಅದರಲ್ಲಿ ಉಳಿದಿದ್ದದ್ದು ಮೇಲಿನ ಮುಚ್ಚಳ ಒಂದೇ. ಪಟ್ಟೆರಾಯ ಅದನ್ನೇ ತಟ್ಟಿ ನೆರೆಹೊರೆಯವರಿಗೆ ತೋರಿಸಿದ.

"ನೋಡಿ, ಹೊಸದು ಕೊಳ್ಳಲಿಲ್ಲ ನಾನು."

ಕಿರಿಯ ಮರಿ ಹಸಿವೆಂದು ಅಳತೊಡಗಿತು. ಪಟ್ಟೆರಾಯ ಠೀವಿಯಿಂದ ಗುಂಡಿ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಅರವತ್ತು ಗುಂಡಿಗಳೂ ಪರದೆಯ ಮೇಲೆ ಸಾಲಾಗಿ ನಿಂತವು. ಒಂದೊಂದರ ಮುಂದೆಯೂ ಖಾಲಿ ಎಂದಿತ್ತು.

ಸೇವಂತಿ ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಬೇಗ ತೋರಿಸ್ತು ಬಿಡಿ," ಎಂದಳು. ಮರಿಗಳನ್ನು ಕರೆದುಕೊಂಡು ಮಳೆಯಲ್ಲೇ ತವರಿನ ಮರಕ್ಕೆ ಹೊರಟಳು.

ನೀತಿ: ಹಳೆಯದಕ್ಕೆ ಹೊಸ ಭಾಗ ಹಾಕಿಸುವ ಮುನ್ನ ಒಟ್ಟು ಖರ್ಚನ್ನು ಹೊಸದರ ಬೆಲೆಯೊಂದಿಗೆ ಹೋಲಿಸಿ ನೋಡಬೇಕು, ಚೂರುಚೂರಾಗಿ ಕೊಟ್ಟರೂ ಖಾಲಿಯಾಗುವುದು ನಮ್ಮ ಗುಂಡಿಯೇ.