ಬಣವೆಯೊಳಗೆ ಕೂತ ದೇವರು

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ನನ್ನನ್ನು ಕೇಳಬೇಡ, ಗುಡ್ಡದ ಬುಡದಲ್ಲಿ ದೊಡ್ಡೀರಮ್ಮ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮೂವರು ಗಂಡುಮಕ್ಕಳು, ದೊಡ್ಡವನ ಹೆಂಡತಿ ಚಿಕ್ಕತಾಯಿ, ಆಮೇಲೆ ಕೊಟ್ಟಿಗೆ ತುಂಬ ದನ. ಬೇಸಿಗೆಯಲ್ಲಿ ಆ ದನಗಳಿಗೆ ಕರಡವೇ ಗತಿ. ಕರಡ ಅಂದರೆ? ಗುಡ್ಡದ ಹುಲ್ಲನ್ನು ಹಸಿರಿರುವಾಗಲೇ ಕೊಯ್ದು ಒಣಗಿಸಿದ್ದು ಕಣೋ. ರಾಗಿ ಬಡಿದ ಮೇಲೆ ಉಳಿಯೋದು ಬರೀ ಹುಲ್ಲು, ಅದರಲ್ಲಿ ಅಷ್ಟು ಸತ್ವ ಇರಲ್ಲ. ಸರಿ, ಕಣ್ಣು ಮುಚ್ಚು.

ಆ ವರ್ಷ ಚಿಕ್ಕತಾಯಿ ತವರಿಗೆ ಹೋಗಿದ್ದಾಗ ಕರಡ ಕೊಯ್ದು ಹರಡಿದರಂತೆ, ಆಮೇಲೆ ತಾಯಿ ಒಣಗಿತಾ ನೋಡ್ರೋ ಅಂದಳಂತೆ. ದೊಡ್ಡವನು ಮೂಸಿ ನೋಡಿ ಒಣಗಿದೆ ಅಂದ, ನಡುವಿನವನು ತುಳಿದು ನೋಡಿ ಒಣಗಿದೆ ಅಂದ, ಚಿಕ್ಕವನು ಮೋಡ ನೋಡಿ ಒಣಗಿದೆ ಅಂದ. ಹುಲ್ಲಿನ ಗೆಣ್ಣು ಕೊನೆಗೆ ಒಣಗೋದು, ಅದನ್ನು ಮುರಿದು ನೋಡಿದವರು ಯಾರೂ ಇಲ್ಲ. ಬಣವೆ ಒಟ್ಟಿಬಿಟ್ಟರಂತೆ.

ಆಮೇಲೆ ಒಂದು ಬೆಳಗ್ಗೆ ನೋಡಿದರೆ ಬಣವೆಯ ನೆತ್ತಿಯಿಂದ ಹಬೆ ಏಳ್ತಿದೆಯಂತೆ. ಊರಿನ ಪೂಜಾರಪ್ಪ ಬಂದು ಒಳಗೆ ದೇವರು ಕೂತಿದ್ದಾನೆ ಅಂದನಂತೆ. ದೇವರಿಗೆ ಹುಲ್ಲಿನೊಳಗೆ ಏನು ಕೆಲಸ ಅಂತ ಯಾರೂ ಕೇಳಲಿಲ್ಲವಂತೆ. ಮೊದಲನೇ ದಿನ ಕಾಯಿ ಒಡೆದರು, ಹಬೆ ಜಾಸ್ತಿ ಆಯ್ತು. ಎರಡನೇ ದಿನ ಕೋಳಿ ಕೊಯ್ದರು, ಸುಟ್ಟ ಬೆಲ್ಲದ ವಾಸನೆ ಬಂತು. ಮೂರನೇ ದಿನ ಚಿಕ್ಕತಾಯಿ ವಾಪಸು ಬಂದಳು, ಬಣವೆಯೊಳಗೆ ತೋಳು ತೂರಿಸಿದಳು, ಅಯ್ಯಪ್ಪಾ ಅಂತ ಎಳಕೊಂಡಳು. ಅತ್ತೆ, ಹಸಿ ಹುಲ್ಲು ಒಳಗೇ ಬೇಯ್ತಾ ಇದೆ, ನಾಳೆಗೆ ಬೆಂಕಿ ಹತ್ತುತ್ತೆ, ಬಿಚ್ಚಿಸಿ ಅಂದಳಂತೆ.

ದೇವರ ಗದ್ದುಗೆ ಕಿತ್ತರೆ ವಂಶ ಉಳಿಯಲ್ಲ ಅಂದನಂತೆ ಪೂಜಾರಪ್ಪ. ದೊಡ್ಡೀರಮ್ಮ ಕೊಟ್ಟಿಗೆ ಕಡೆ ನೋಡಿದಳಂತೆ. ಬಣವೆ ಸುಟ್ಟರೆ ಅಷ್ಟೂ ದನ ಉಪವಾಸ. ಆಮೇಲೆ ಚಿಕ್ಕತಾಯಿ ಕೈ ಮುಗಿದು, ಸ್ವಾಮಿ, ದೇವರಿಗೆ ಒಳಗೆ ಸೆಕೆ ಆಗಿರಬೇಕು, ನೀವೇ ಕೈ ಹಾಕಿ ನೋಡಿ ಅಂದಳಂತೆ. ಪೂಜಾರಪ್ಪ ಹಾಕಿದ. ತಕ್ಷಣ ತೆಗೆದ. ಬೆರಳಿಗೆ ಉಫ್ ಉಫ್ ಅಂತ ಊದಿಕೊಳ್ಳುತ್ತಾ, ದೇವರಿಗೆ ಗಾಳಿ ಬೇಕಂತೆ, ಬಿಚ್ಚಿ ಅಂದನಂತೆ.

ಸುತ್ತ ನೀರಿನ ಕೊಡ ಇಟ್ಟುಕೊಂಡು ಮೂವರೂ ಬಣವೆ ಬಿಚ್ಚಿದರಂತೆ. ಒಳಗೆ ಕಪ್ಪಾಗಿದ್ದು ತಿಪ್ಪೆಗೆ ಹೋಯ್ತು, ಮಿಕ್ಕಿದ್ದು ಗೆಣ್ಣು ಲಟಕ್ ಅನ್ನೋವರೆಗೂ ಬಿಸಿಲಲ್ಲಿ ಬಿತ್ತು. ದೇವರು ಎಲ್ಲಿ ಅಂತ ಚಿಕ್ಕವನು ಕೇಳಿದರೆ, ಪೂಜಾರಪ್ಪ ಊಟಕ್ಕೆ ಹೊತ್ತಾಯ್ತು ಅಂತ ಹೊರಟನಂತೆ.

ಬೇಸಿಗೆ ಬಂತು, ಒಂದು ದನವೂ ಸೊರಗಲಿಲ್ಲವಂತೆ, ಗಬ್ಬದ ಹಸು ಹೆಣ್ಣುಕರು ಹಾಕಿತಂತೆ. ಆಮೇಲೆ ಚಿಕ್ಕತಾಯಿ ಗಿಣ್ಣ ಕಾಯಿಸಿ ಊರಿಗೆಲ್ಲ ಹಂಚಿದಳಂತೆ, ಪೂಜಾರಪ್ಪನೂ ಬಂದು ಎರಡು ಸಲ ಹಾಕಿಸಿಕೊಂಡನಂತೆ. ಅಲ್ಲಿಗೆ ಕತೆ ಮುಗೀತು, ಮಲಕೋ.