ಇನ್ನಾಸಪ್ಪ ಸ್ವಾಮಿಗಳು ಮತ್ತು ಆರೋಗ್ಯಮ್ಮನ ಹುಳುಮನೆ

ನಂಬುವವರು ನಂಬಿ. ನಂಬದವರು ಒಮ್ಮೆ ಮುತ್ತುಗದಪಾಳ್ಯಕ್ಕೆ ಬಂದು, ನನ್ನ ಎದುರು ನಿಂತು, ‘ಚೌರಪ್ಪ, ನೀನು ಬರೆದದ್ದು ಸುಳ್ಳು’ ಎನ್ನಿ ನೋಡೋಣ. ಹೆಗಲಿಗೊಂದು ರಾಗಿ ಮೂಟೆ ಹಾಕಿಕೊಂಡು ಉಸಿರು ಬಿಡದೆ ನಮ್ಮೂರ ಶಿಲುಬೆಗುಡ್ಡ ಹತ್ತುವ ಗಂಡು ಈ ಸೀಮೆಯಲ್ಲಿ ನಾನೊಬ್ಬನೇ. ಅಂಥವನು ಒಂದು ಶುಭ ಶುಕ್ರವಾರ ಹಗಲೆಲ್ಲ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಕಿರುಬೆರಳುದ್ದದ ಹುಳುಗಳ ಮುಂದೆ ಸೋತುಹೋದೆ. ಅದನ್ನೇ ಹೇಳಹೊರಟಿದ್ದೇನೆ. ಹೇಳುವುದು ನನ್ನ ದೊಡ್ಡಸ್ತಿಕೆಯನ್ನಲ್ಲ, ವಂದನೀಯ ಇನ್ನಾಸಪ್ಪ ಸ್ವಾಮಿಗಳ ಮಹಿಮೆಯನ್ನು. ನಡುನಡುವೆ ನನ್ನ ದೊಡ್ಡಸ್ತಿಕೆಯೂ ಬಂದರೆ ಅದು ಇದ್ದದ್ದೇ, ಬಚ್ಚಿಡಲು ಬರುವುದಿಲ್ಲ.

ಸ್ವಾಮಿಗಳು ಆಗ ವೃದ್ಧರಾಗಿ, ಚರ್ಚಿನ ಪಾದ್ರಿಯಾಗಿ ಹೊತ್ತಿದ್ದ ಎಲ್ಲ ಹೊಣೆಗಳಿಂದ ಬಿಡುಗಡೆ ಪಡೆದು, ನಮ್ಮೂರ ದೇವಾಲಯದ ಹಿಂದಿನ ಹೆಂಚಿನ ಕೋಣೆಯಲ್ಲಿ ವಾಸವಾಗಿದ್ದರು. ಒಂದು ಹಗ್ಗದ ಮಂಚ, ಒಂದು ಮಣ್ಣಿನ ಹೂಜಿ, ಗೋಡೆಯಲ್ಲೊಂದು ಮರದ ಶಿಲುಬೆ. ಅಷ್ಟೇ ಅವರ ಸಂಸಾರ. ಕಣ್ಣು ಮಂಜಾಗಿತ್ತು. ಊರಿನ ಪೂಜೆ, ಹಬ್ಬಗಳನ್ನು ಬೇರೆ ಕಿರಿಯ ಸ್ವಾಮಿಗಳು ಬಂದು ನಡೆಸಿಕೊಡುತ್ತಿದ್ದರು. ಆದರೂ ಕಷ್ಟ ಬಂದವರು ಹೋಗುತ್ತಿದ್ದುದು ಆ ಹೆಂಚಿನ ಕೋಣೆಗೇ. ಅವರು ಕಣ್ಣು ಮುಚ್ಚಿ ಕೇಳುವರು. ಹೇಳಿದವರು ಹೇಳಿ ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಕೇಳುತ್ತಲೇ ಇರುವರು. ಆಮೇಲೆ ಒಂದು ಮಾತು ಆಡಿದರೆ ಹೆಚ್ಚು.

ನನಗೂ ಕಷ್ಟ ಬಂದಿತ್ತು. ಹಿಂದಿನ ಮಳೆಗಾಲದಲ್ಲಿ ನಮ್ಮ ಮಗಳು, ಇನ್ನೂ ಗೋಡೆ ಹಿಡಿದು ನಿಲ್ಲುತ್ತಿದ್ದ ಕೂಸು, ಜ್ವರ ಬಂದು ತೀರಿಕೊಂಡಳು. ಆ ದಿನದಿಂದ ನನ್ನ ಹೆಂಡತಿ ರೋಜಲೀನ ಮಾತು ಬಿಟ್ಟಳು. ಅಡುಗೆ ಮಾಡುವಳು, ನೀರು ತರುವಳು, ಸಂಜೆ ಹೊಸ್ತಿಲ ಬಳಿ ಕೂರುವಳು. ಬಾಯಿಂದ ಒಂದು ಸೊಲ್ಲು ಹೊರಡದು. ನಾನು ಕೂಗಾಡಿ ನೋಡಿದೆ, ಬೇಡಿ ನೋಡಿದೆ, ಬೇಕೆಂತಲೇ ಮಡಕೆ ಒಡೆದು ನೋಡಿದೆ. ಅವಳು ಚೂರುಗಳನ್ನು ಗುಡಿಸಿ ಹಾಕಿದಳು.

ಕಡೆಗೆ ದೇವರ ಹತ್ತಿರವೇ ಸೆಣಸಬೇಕೆಂದು ತೀರ್ಮಾನಿಸಿದೆ. ಶುಭ ಶುಕ್ರವಾರದ ಬೆಳಗ್ಗೆ ನಮ್ಮೂರವರು ಹೊನ್ನೆ ಮರದ ದೊಡ್ಡ ಶಿಲುಬೆಯನ್ನು ಗುಡ್ಡದ ತುದಿಗೆ ಹೊತ್ತು ನಡೆಯುತ್ತಾರೆ. ತಾತನ ಕಾಲದಿಂದಲೂ ಅದನ್ನು ಹೆಗಲು ಬದಲಿಸುತ್ತ ನಾಲ್ಕಾರು ಜನ ಹೊರುವುದು ವಾಡಿಕೆ. ನಾನೊಬ್ಬನೇ ಹೊರುತ್ತೇನೆ, ಯಾರೂ ಕೈ ಹಚ್ಚಬಾರದು, ಅದಕ್ಕೆ ಬದಲು ನನ್ನ ಹೆಂಡತಿಗೆ ಮಾತು ಬರಬೇಕು ಎಂದು ಹರಕೆ ಹೊತ್ತೆ. ಊರೆಲ್ಲ ಅದೇ ಸುದ್ದಿ. ಚಿನ್ನಪ್ಪನವರ ಮಗ ಸಂತಿಯಾಗು, ಬಲದಲ್ಲಿ ನನಗೆ ಎರಡನೆಯವನು, ಚರ್ಚಿನ ಮೆಟ್ಟಿಲ ಮೇಲೆ ಕೂತು ಕೆಣಕಿದ.

“ಏನ್ಲಾ ಚೌರ, ಒಬ್ನೇ ಹೊರ್ತೀಯಂತೆ? ಅರ್ಧ ದಾರೀಲಿ ಕುಸುದ್ರೆ ಶಿಲುಬೆ ಜೊತೆ ನಿನ್ನೂ ನಾವೇ ಹೊರಬೇಕಲ್ಲಪ್ಪ.”

“ನೀನು ನಿನ್ ಹೊಟ್ಟೆ ಹೊತ್ಕೊಂಡು ಗುಡ್ಡ ಹತ್ತು ಸಾಕು. ನಿನ್ ಪಾಲಿನ ಶಿಲುಬೆ ಅದೇಯ.”

ಹರಕೆಯ ವಿಷಯ ಕೇಳಿದಾಗ ಸ್ವಾಮಿಗಳು ಮಾತ್ರ ಒಂದೇ ಪ್ರಶ್ನೆ ಕೇಳಿದರು. “ರೋಜಲೀನಳಿಗೆ ಹೇಳಿದೆಯಾ?”

“ಅವಳಿಗ್ಯಾಕೆ ಸ್ವಾಮಿ? ಅವಳಿಗೋಸ್ಕರ ತಾನೆ ಹೊರೋದು.”



ಶುಭ ಶುಕ್ರವಾರ ಬಂತು. ನಾನು ನೇರಳೆ ಬಣ್ಣದ ನಿಲುವಂಗಿ ತೊಟ್ಟು, ಆಶೀರ್ವಾದಕ್ಕಾಗಿ ಸ್ವಾಮಿಗಳ ಮುಂದೆ ಮೊಣಕಾಲೂರಿದ್ದೆ. ಆಗಲೇ ಆರೋಗ್ಯಮ್ಮ ಸೆರಗಲ್ಲಿ ಕಣ್ಣೊರೆಸುತ್ತ ಬಾಗಿಲಿಗೆ ಬಂದಳು. ಊರ ಕೊನೆಯಲ್ಲಿ ಒಬ್ಬಳೇ ಇದ್ದುಕೊಂಡು ರೇಷ್ಮೆಹುಳು ಸಾಕುವ ವಿಧವೆ.

“ಸ್ತೋತ್ರ ಸ್ವಾಮಿ. ನನ್ ಹುಳ ಎಲ್ಲಾ ಇವತ್ತೇ ಹಣ್ಣಾಗ್ಬುಟ್ಟವೆ.”

ಹುಳು ಸಾಕದವರಿಗೆ ಇದನ್ನು ಬಿಡಿಸಿ ಹೇಳಬೇಕು. ರೇಷ್ಮೆಹುಳು ಸೊಪ್ಪು ತಿಂದು ತಿಂದು ಒಂದು ದಿನ ತಿನ್ನುವುದನ್ನು ನಿಲ್ಲಿಸುತ್ತದೆ. ಮೈ ಪಾರದರ್ಶಕವಾಗಿ, ತಲೆ ಮೇಲೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅದಕ್ಕೇ ಹಣ್ಣು ಹುಳು ಎನ್ನುವುದು. ಆಗ ಒಂದೊಂದನ್ನೂ ಕೈಯಲ್ಲಿ ಆರಿಸಿ, ಬಿದಿರಿನ ಸುರುಳಿಗಳಿರುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪು ಹಾಕುವ ತಟ್ಟೆಯ ಕಸದಲ್ಲೇ ನೂಲು ಸುರಿದು ಹಾಳಾಗುತ್ತದೆ. ಶುಭ ಶುಕ್ರವಾರ ನಮ್ಮೂರಲ್ಲಿ ಮೊಳೆ ಹೊಡೆಯುವುದಿಲ್ಲ, ಕುಡುಗೋಲು ಹಿಡಿಯುವುದಿಲ್ಲ. ಆದ್ದರಿಂದ ಪವಿತ್ರ ವಾರದಲ್ಲಿ ಹಣ್ಣಾಗದ ಹಾಗೆ ಎಲ್ಲರೂ ಮೊದಲೇ ಲೆಕ್ಕ ಹಾಕಿ ಹುಳು ಮೇಯಿಸುತ್ತಾರೆ. ಆರೋಗ್ಯಮ್ಮನ ಹುಳು ಹಬ್ಬ ಕಳೆದ ಮೇಲೆ ಹಣ್ಣಾಗಬೇಕಿತ್ತು. ರಾತ್ರಿ ಚಳಿಗೆ ಹುಳುಕೂಸುಗಳು ನಡುಗುತ್ತವೆಂದು ಮರುಕಪಟ್ಟು ಅವಳು ಹುಳುಮನೆಯಲ್ಲಿ ಕೆಂಡದ ಕುಂಪಟೆ ಇಟ್ಟಿದ್ದಳು. ಕಾವು ಹೆಚ್ಚಾಗಿ ಹುಳು ಬೇಗ ಬಲಿತುಬಿಟ್ಟವು.

“ಯಾರನ್ನ ಕೇಳುದ್ರೂ, ‘ಯೇಸುಸ್ವಾಮಿ ಸತ್ತ ದಿನ ಚಂದ್ರಿಕೆ ಮುಟ್ತಾರೇನಮ್ಮ’ ಅಂತಾರೆ. ಮುಟ್ಟುದ್ರೆ ಪಾಪವಾ ಸ್ವಾಮಿ?”

ಸ್ವಾಮಿಗಳು ಕೋಲು ಹುಡುಕಿಕೊಂಡು ಎದ್ದರು. “ಹುಳುಗಳಿಗೆ ಶುಕ್ರವಾರ ಗೊತ್ತಿಲ್ಲ ತಾಯಿ. ನಡಿ, ನಾನು ಬರುತ್ತೇನೆ.”

ಆಮೇಲೆ ನನ್ನ ಕಡೆ ತಿರುಗಿದರು. “ಚೌರಪ್ಪ, ಶಿಲುಬೆಯನ್ನು ಸಂತಿಯಾಗುವಿಗೆ ಒಪ್ಪಿಸು. ರೋಜಲೀನಳನ್ನು ಕರೆದುಕೊಂಡು ಬಾ.”

ನೆಲ ಬಾಯಿಬಿಟ್ಟ ಹಾಗಾಯಿತು. “ಸ್ವಾಮಿ, ಹರಕೆ ಹೊತ್ತಿವ್ನಿ. ದೇವರಿಗೆ ಮಾತು ಕೊಟ್ಟಾಗದೆ.”

“ಆ ಹರಕೆಯನ್ನೇ ಕೊಟ್ಟುಬಿಡು ಮಗಾ. ನಿನ್ನ ಬಳಿ ಇರುವುದರಲ್ಲಿ ಅದೇ ದೊಡ್ಡದು.”

ಆರೋಗ್ಯಮ್ಮನ ಮುಖ ಬೇರೊಂದು ಕಾರಣಕ್ಕೆ ಸಪ್ಪಗಾಗಿತ್ತು. ಮಗು ಕಳೆದುಕೊಂಡವಳ ನೆರಳು ಬಿದ್ದರೆ ಹುಳು ಕೆಡುತ್ತವೆಂದು ನಮ್ಮ ಕಡೆ ನಂಬಿಕೆ. ರೋಜಲೀನಳಷ್ಟು ಚುರುಕಾಗಿ ಹುಳು ಆರಿಸುವ ಕೈ ಊರಲ್ಲಿ ಇನ್ನೊಂದಿರಲಿಲ್ಲ. ಕೂಸು ತೀರಿಕೊಂಡ ಮೇಲೆ ಮಾತ್ರ ಯಾವ ಮನೆಯವರೂ ಅವಳನ್ನು ಕರೆದಿರಲಿಲ್ಲ.

“ಸ್ವಾಮಿ, ಅವಳು… ಮಗು ಕಳಕೊಂಡೋಳು. ಹುಳುಮನೆ ಒಳಗೆ ಹೆಂಗೆ…”

ಸ್ವಾಮಿಗಳು ಮೆಲ್ಲಗೆ ಹೇಳಿದರು. “ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಇವತ್ತು ಶಿಲುಬೆಯ ಬುಡದಲ್ಲಿ ನಿಂತಿದ್ದಾಳೆ. ಅವಳು ನಿನ್ನ ಬಾಗಿಲಿಗೆ ಬಂದರೆ ಹೊರಗೇ ನಿಲ್ಲಿಸುತ್ತೀಯಾ?”

ಆರೋಗ್ಯಮ್ಮ ಎರಡೂ ಕೆನ್ನೆಗೆ ಬೆರಳು ಮುಟ್ಟಿಸಿಕೊಂಡು, “ತಪ್ಪಾಯ್ತು ಸ್ವಾಮಿ, ಬರ್ಲಿ” ಎಂದಳು.

ಹೀಗೆ, ಜನ ಸೇರಿದ್ದ ಬಯಲಿನಲ್ಲಿ ನಾನು ನಿಲುವಂಗಿ ಕಳಚಿ ಸಂತಿಯಾಗುವಿನ ಕೈಗಿಟ್ಟೆ. ಅವನು ನಗಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿಕೊಂಡ. ಹಿಂದಿನಿಂದ ಯಾರೋ, “ಹೆದ್ರುಕೊಂಡ ಕಣ್ಲಾ” ಅಂದದ್ದು ಕೇಳಿಸಿತು. ಬೇರೆ ದಿನವಾಗಿದ್ದರೆ ಅವನ ಹಲ್ಲು ಎಣಿಸುತ್ತಿದ್ದೆ. ಸುಮ್ಮನೆ ನಡೆದೆ. ಎದೆಯೊಳಗೆ ಕುಂಪಟೆ ಇಟ್ಟ ಹಾಗೆ ಉರಿಯುತ್ತಿತ್ತು.

ರೋಜಲೀನ ಹೊಸ್ತಿಲಲ್ಲಿ ಕೂತಿದ್ದಳು. “ಆರೋಗ್ಯಮ್ಮನ ಹುಳ ಹಣ್ಣಾಗವೆ. ಸ್ವಾಮಿಗಳು ನಿನ್ನ ಬರೇಳವ್ರೆ” ಎಂದೆ. ಅವಳು ಬಹಳ ಹೊತ್ತು ತನ್ನ ಅಂಗೈಗಳನ್ನೇ ನೋಡಿಕೊಂಡಳು. ಎದ್ದು, ಕೈ ತೊಳೆದು, ನನ್ನ ಹಿಂದೆ ಬಂದಳು.

ಆ ಹುಳುಮನೆಯೊಳಗೆ ಕಾಲಿಟ್ಟದ್ದನ್ನು ನೆನೆದರೆ ಎಚ್ಚರದಲ್ಲಿದ್ದೆನೋ ಕನಸಲ್ಲಿದ್ದೆನೋ ಈಗಲೂ ತಿಳಿಯದು. ಕಿಟಕಿಗೆ ಕಟ್ಟಿದ ಗೋಣಿತಾಟಿನ ಸಂದುಗಳಿಂದ ಬಿಸಿಲು ಪುಡಿಪುಡಿಯಾಗಿ ಉದುರುತ್ತಿತ್ತು. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಸೊಪ್ಪು ಮೇಯುವ ಹುಳುಗಳ ಸದ್ದು ಸೋಗೆಯ ಮೇಲೆ ಹನಿ ಬಿದ್ದಂತೆ ಇರುತ್ತದೆ. ಅಂದು ಆ ಸದ್ದು ಬಹುಪಾಲು ನಿಂತಿತ್ತು. ತಟ್ಟೆ ತಟ್ಟೆಯಲ್ಲೂ ಜೇನಿನ ಬಣ್ಣದ ಹುಳುಗಳು ತಲೆಯೆತ್ತಿ ಗಾಳಿಯಲ್ಲಿ ಅತ್ತಿತ್ತ ತೂಗುತ್ತಿದ್ದವು. ಒಳಗೆ ದೀಪ ಹಚ್ಚಿಟ್ಟ ಹಾಗೆ ಒಂದೊಂದರ ಮೈಯಲ್ಲೂ ಬೆಳಕಿತ್ತು. ನಡುವೆ ಚಾಪೆಯ ಮೇಲೆ ಇನ್ನಾಸಪ್ಪ ಸ್ವಾಮಿಗಳು ಕುಳಿತಿದ್ದರು. ಕಣ್ಣು ಕಾಣದವರು ಬೆರಳ ತುದಿಯಿಂದ ಸವರಿ, ಮೆತ್ತಗಾದ ಹುಳುವನ್ನು ಗುರುತು ಹಿಡಿದು, ಪರಮಪ್ರಸಾದವನ್ನು ಎತ್ತುವಷ್ಟು ನಾಜೂಕಾಗಿ ಎತ್ತಿ ಚಂದ್ರಿಕೆಗೆ ಬಿಡುತ್ತಿದ್ದರು.

ರೋಜಲೀನ ಒಂದು ಮೂಲೆಯಲ್ಲಿ ಕುಳಿತಳು. ಮೊದಲು ಒಂದೊಂದೇ ಹುಳುವನ್ನು ಎತ್ತಿಟ್ಟಳು. ಸ್ವಲ್ಪ ಹೊತ್ತಿಗೆ ಎರಡು ಕೈಗಳೂ ತಟ್ಟೆಯಿಂದ ಚಂದ್ರಿಕೆಗೆ, ಚಂದ್ರಿಕೆಯಿಂದ ತಟ್ಟೆಗೆ, ಮಗ್ಗದ ಲಾಳಿಯಂತೆ ಓಡತೊಡಗಿದವು. ನನ್ನ ಬೆರಳುಗಳು ಗುದ್ದಲಿ ಹಿಡಿಯುವವು. ಹುಳು ಎತ್ತಲು ಹೋದರೆ ಜಾರುತ್ತಿತ್ತು, ಹಿಸುಕಿದರೆ ಸಾಯುವುದೆಂಬ ಭಯ.

ಹೊರಗೆ ಶಿಲುಬೆಯ ಹಾದಿಯ ಮೆರವಣಿಗೆ ಬಂತು. ಹಾಡು ದೂರದಿಂದ ಹತ್ತಿರವಾಯಿತು. ನಾನು ತಾಟಿನ ಸಂದಿನಲ್ಲಿ ಇಣುಕಿದೆ. ಸಂತಿಯಾಗು ಮತ್ತು ಇನ್ನೂ ಕೆಲವರು ಹೆಗಲು ಕೊಟ್ಟಿದ್ದರು. ನನ್ನ ಶಿಲುಬೆ, ನನ್ನ ದಿನ, ನನ್ನ ಕಣ್ಣೆದುರೇ ಸಾಗಿಹೋಯಿತು. ತಿರುಗಿ ನೋಡಿದರೆ ಸ್ವಾಮಿಗಳ ಕೈಯೂ ನಿಂತಿತ್ತು. ಯೌವನದಿಂದಲೂ ಒಂದು ವರ್ಷ ತಪ್ಪಿಸದೆ ಆ ಹಾದಿ ನಡೆದವರು ಅವರು. ತಲೆ ಬಾಗಿಸಿ, ತುಟಿ ಅಲುಗಿಸುತ್ತ, ಹಾಡು ಗುಡ್ಡದ ಕಡೆ ಕರಗುವ ತನಕ ಹಾಗೆಯೇ ಇದ್ದರು.

“ನಿಮ್ಗೆ ಬೇಜಾರಾಗ್ಲಿಲ್ವಾ ಸ್ವಾಮಿ?” ಎಂದು ಕೇಳಿದೆ. ಆಗಲಿಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ.

“ಆಯಿತು ಮಗಾ. ಬೇಜಾರಾದರೆ ತಾನೆ ಕೊಟ್ಟ ಹಾಗೆ” ಎಂದರು. ಅನಂತರ ಅವರ ಮುಖ ನಿಧಾನವಾಗಿ ಅರಳಿತು. ಕಳೆದುಕೊಂಡವರ ಕಳೆ ಅದರಲ್ಲಿರಲಿಲ್ಲ. ಮದುವೆಮನೆಯ ಯಜಮಾನನ ಕಳೆ ಇತ್ತು. “ಕೊಟ್ಟ ಮೇಲೆ ಕೈ ಖಾಲಿಯಾಗುತ್ತದೆ. ಖಾಲಿ ಕೈಗೆ ಎಷ್ಟು ಕೆಲಸ ಬರುತ್ತದೆ ನೋಡು.”

ನಾನು ಮತ್ತೆ ಕೂತು, ಸಿಟ್ಟೋ ಸಂಕಟವೋ ತಿಳಿಯದೆ, ಕೈಗೆ ಸಿಕ್ಕ ಹುಳುವನ್ನೆಲ್ಲ ಎತ್ತೆತ್ತಿ ಚಂದ್ರಿಕೆಗೆ ಹಾಕತೊಡಗಿದೆ.

“ಅದು ಹಸಿ ಹುಳ ಕಣ್ರೀ, ಬುಡಿ ಅದನ್ನ. ಇನ್ನೂ ಒಂದೊತ್ತು ಮೇಯ್ಬೇಕು ಅದು.”

ಯಾರು ಮಾತಾಡಿದ್ದೆಂದು ನನಗೆ ಗೊತ್ತಾಗಲಿಲ್ಲ. ಆರೋಗ್ಯಮ್ಮ ಕೈಯಲ್ಲಿದ್ದ ಹುಳುವಿನೊಂದಿಗೆ ಕಲ್ಲಾಗಿ ನಿಂತಿದ್ದಳು. ರೋಜಲೀನ ನನ್ನ ಚಂದ್ರಿಕೆಯನ್ನೇ ನೋಡುತ್ತಿದ್ದಳು, ಹುಬ್ಬು ಗಂಟಿಕ್ಕಿಕೊಂಡು. “ಇಷ್ಟೂ ಹಸೀವೇ ಹಾಕಿದ್ದೀರಲ್ಲ. ಎಲ್ಲಾ ಬಿದ್ದೋಯ್ತವೆ.”

ಸ್ವಾಮಿಗಳು ತಲೆಯನ್ನೂ ಎತ್ತಲಿಲ್ಲ. ದಿನವೂ ಕೇಳುವ ದನಿಯೇನೋ ಎಂಬಂತೆ, “ಎಲ್ಲಿ ರೋಜಲೀನ, ನನ್ನದನ್ನೂ ಒಮ್ಮೆ ನೋಡು. ಕಣ್ಣಿಲ್ಲದವನ ಕೆಲಸ” ಎಂದರು.

ಅವಳು ಬಗ್ಗಿ ನೋಡಿದಳು. “ನಿಮ್ದೆಲ್ಲ ಸರಿಗವೆ ಸ್ವಾಮಿ. ಎರಡು ಕಣ್ಣಿರೋರದ್ದೇ ತಪ್ಪಿರೋದು.” ಹಾಗೆಂದು ನಕ್ಕಳು. ಆರೋಗ್ಯಮ್ಮನೂ ನಕ್ಕಳು. ಈ ಸೀಮೆಯಲ್ಲಿ ಯಾರಿಗೂ ಸೋಲದ ನಾನು, ಹಸಿ ಹುಳುಗಳನ್ನು ಒಂದೊಂದಾಗಿ ವಾಪಸು ತಟ್ಟೆಗೆ ಬಿಡುತ್ತ, ಅವಳು ಇನ್ನಷ್ಟು ಬೈಯಲಿ ಎಂದು ಮನಸ್ಸಿನಲ್ಲೇ ಪ್ರಾರ್ಥಿಸಿದೆ. ಅವಳೂ ಸಂಜೆವರೆಗೆ ಧಾರಾಳವಾಗಿ ಬೈದಳು.

ಮಧ್ಯಾಹ್ನ, ಯೇಸುಸ್ವಾಮಿ ಪ್ರಾಣ ಬಿಟ್ಟ ಹೊತ್ತಿಗೆ, ದೇವಾಲಯದಲ್ಲಿ, ಆ ದಿನ ಬಾರಿಸಬಾರದ ಗಂಟೆಯ ಬದಲು, ಮರದ ಹಲಗೆ ಬಡಿದ ಸದ್ದು ಕೇಳಿಸಿತು. ನಾವು ನಾಲ್ವರೂ ತಟ್ಟೆಗಳ ನಡುವೆ ಮೊಣಕಾಲೂರಿದೆವು. ಚಂದ್ರಿಕೆಯಲ್ಲಿ ಮೊದಲ ಹುಳುಗಳು ಆಗಲೇ ನೂಲು ಬಿಡುತ್ತಿದ್ದವು. ಬಿಸಿಲ ಕೋಲಿನಲ್ಲಿ ಎಳೆಗಳು ಹೊಳೆದು ಮಾಯವಾಗುತ್ತಿದ್ದವು.

ಮುಂದಿನ ವರ್ಷ ತಪಸ್ಸುಕಾಲದ ಉಪವಾಸಗಳು ಬರುವ ಮೊದಲೇ ಸ್ವಾಮಿಗಳು ಪ್ರಭುವಿನ ಸನ್ನಿಧಿ ಸೇರಿದರು. ಅದು ಅವರ ಕೊನೆಯ ಶುಭ ಶುಕ್ರವಾರವಾಗಿತ್ತು. ಅದನ್ನು ಅವರು ಒಬ್ಬ ವಿಧವೆಯ ಹುಳುಗಳಿಗೂ ನಮಗೂ ಕೊಟ್ಟುಬಿಟ್ಟಿದ್ದರು.

ಆ ಸಂಜೆ ಮನೆಗೆ ಬಂದು ಉಪವಾಸ ಬಿಡಲು ಗಂಜಿಯ ಮುಂದೆ ಕೂತೆವು. ರೋಜಲೀನ ನಮ್ಮ ಮಗಳ ಹೆಸರು ಹೇಳಿದಳು. ಅಗ್ನೇಸ್. ಕೂಸು ಗೋಡೆ ಹಿಡಿದು ನಿಂತು ನನ್ನ ಮೀಸೆಗೆ ಕೈ ಚಾಚುತ್ತಿದ್ದುದನ್ನು ಹೇಳಿದಳು. ನಾನು ಅತ್ತೆ. ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟು ತಾನೂ ಅತ್ತಳು. ಗಂಜಿ ಆರಿಹೋಯಿತು. ಅದನ್ನು ಹಾಗೆಯೇ ಕುಡಿದೆವು, ಕುಡಿಯುತ್ತ ಮಾತಾಡಿದೆವು. ಯೇಸುಸ್ವಾಮಿ ಸಾವಿನಿಂದ ಎದ್ದುಬಂದ ಪಾಸ್ಕ ಹಬ್ಬದ ಬೆಳಗ್ಗೆ ಇಬ್ಬರೂ ಜೊತೆಯಾಗಿ ಪೂಜೆಗೆ ಹೋದೆವು. ದೇವರು ನನಗೆ ನನ್ನ ಹೆಂಡತಿಯನ್ನು ಮರಳಿ ಕೊಟ್ಟರು.